ಕಂಪವಾತದಿಂದ ಕುರ್ಚಿಯ ಕುಣಿತದವರೆಗೆ

ಮುಂಬಯಿಯಲ್ಲಿ ನಾಲ್ಕು ದಶಕ ದುಡಿದು ನಿವೃತ್ತರಾದ ಹಿರಿಯರೊಬ್ಬರು ನಮ್ಮ ನೆರೆಯಲ್ಲಿದ್ದಾರೆ. ಹೊಸ್ತಿಲ ಬಳಿ ಬಂದೊಡನೆ ಅವರ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಅವರ ಪತ್ನಿ ಪಕ್ಕದಲ್ಲಿ ನಿಂತು "ಒಂದು, ಎರಡು" ಎಂದು ಎಣಿಸಿದರೆ ಅದೇ ಕಾಲು ಎದ್ದು ಹೊಸ್ತಿಲು ದಾಟುತ್ತದೆ. ಕಾಲಿನಲ್ಲಿ ಬಲವಿದೆ; ಹೊರಡೆಂಬ ಅಪ್ಪಣೆ ಒಳಗಿನಿಂದ ಬರುತ್ತಿಲ್ಲ. ಹೊರಗಿನ ತಾಳವೊಂದು ಆ ಅಪ್ಪಣೆಯ ಸ್ಥಾನವನ್ನು ತುಂಬಬಲ್ಲದೆಂಬುದು ವೈದ್ಯರಿಗೂ ನರ್ತಕರಿಗೂ ತಿಳಿದುಬಂದ ಬಗೆ ಹೇಗೆ, ಅದು ಫೋನಿನ ಮೂಲಕ ನಮ್ಮ ಮನೆಗಳಿಗೆ ಬಂದ ಬಗೆ ಹೇಗೆ ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೈ ನಡುಗಿಸುವ ಬೇನೆಯನ್ನು ಆಯುರ್ವೇದದಲ್ಲಿ ಕಂಪವಾತವೆಂದು ಕರೆದಿದ್ದಾರೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ೧೮೧೭ರಲ್ಲಿ ಆರು ಮಂದಿಯ ಲಕ್ಷಣಗಳನ್ನು ವಿವರಿಸಿ ಕಿರುಹೊತ್ತಗೆಯೊಂದನ್ನು ಬರೆದನು. ಅವರಲ್ಲಿ ಕೆಲವರನ್ನು ಆತ ಕಂಡದ್ದು ಬೀದಿಯಲ್ಲಿ. ಮುಂದೆ ಫ್ರಾನ್ಸಿನ ಶಾರ್ಕೊ ಈ ರೋಗಕ್ಕೆ ಆತನ ಹೆಸರನ್ನೇ ಇಟ್ಟನು. ಮೆದುಳಿನಲ್ಲಿ ಡೋಪಮಿನ್ ಎಂಬ ವಸ್ತುವನ್ನು ತಯಾರಿಸುವ ಜೀವಕೋಶಗಳು ನಶಿಸುವುದೇ ಇದರ ಮೂಲವೆಂದು ತಿಳಿಯಲು ಇಪ್ಪತ್ತನೆಯ ಶತಮಾನ ಅರ್ಧ ಕಳೆಯಬೇಕಾಯಿತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ೧೯೫೭ರಲ್ಲಿ, ಸರ್ಪಗಂಧಿಯ ಸತ್ವವಾದ ರಿಸರ್ಪಿನ್‌ನಿಂದ ನಿಶ್ಚಲಗೊಂಡ ಪ್ರಾಣಿಗಳಿಗೆ ಡೋಪಾ ಕೊಟ್ಟಾಗ ಅವು ಮತ್ತೆ ಚೇತರಿಸಿಕೊಂಡುದನ್ನು ತೋರಿಸಿದರು. ೧೯೬೭ರಲ್ಲಿ ಅಮೆರಿಕದ ಜಾರ್ಜ್ ಕೊಟ್ಜಿಯಾಸ್ ಅದನ್ನೇ ರೋಗಿಗಳಿಗೆ ದೊಡ್ಡ ಪ್ರಮಾಣದಲ್ಲಿ ಕೊಟ್ಟು ಯಶಸ್ಸು ಕಂಡರು. ವಿಶೇಷವೆಂದರೆ, ನಮ್ಮ ಬೇಲಿಗಳಲ್ಲಿ ಬೆಳೆದು ಮೈಗೆ ತುರಿಕೆ ಹಚ್ಚುವ ನಸುಗುನ್ನಿಯ ಬೀಜದಿಂದ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬವರು ಈ ಡೋಪಾವನ್ನು ೧೯೩೭ರಷ್ಟು ಹಿಂದೆಯೇ ಬೇರ್ಪಡಿಸಿದ್ದರು.

ಈ ಚರಿತ್ರೆಯಲ್ಲಿ ನಮ್ಮ ನಗರಕ್ಕೂ ಸ್ಥಾನವಿದೆ. ನಸುಗುನ್ನಿಯ ಬೀಜದಿಂದ ಪಾರ್ಕಿನ್‌ಸನ್ ರೋಗಿಗಳಿಗೆ ಮಾಡಿದ ಚಿಕಿತ್ಸೆಯ ಫಲಿತಾಂಶವನ್ನು ಮುಂಬಯಿಯ ಡಾ. ಅಶೋಕ ವೈದ್ಯ ಮತ್ತು ಸಂಗಡಿಗರು ೧೯೭೮ರಲ್ಲಿ ಪ್ರಕಟಿಸಿದರು. (ವೈದ್ಯರನ್ನು ಕೇಳದೆ ಯಾರೂ ಇದನ್ನು ಮನೆಯಲ್ಲಿ ಪ್ರಯೋಗಿಸಬಾರದು.) ೧೯೮೮ರಲ್ಲಿ ಪ್ರಕಟವಾದ ಡಾ. ಭರೂಚಾ ಮತ್ತು ಸಂಗಡಿಗರ ಸಮೀಕ್ಷೆಯಲ್ಲಿ, ಇಲ್ಲಿನ ಪಾರ್ಸಿ ಕಾಲನಿಗಳ ೧೪,೦೧೦ ಮಂದಿಯ ಪೈಕಿ ೪೬ ಮಂದಿಗೆ ಈ ರೋಗವಿರುವುದು ಕಂಡುಬಂತು. ಪಾರ್ಸಿಗಳಲ್ಲಿ ವೃದ್ಧರ ಪ್ರಮಾಣ ಹೆಚ್ಚು. ಊರು ಬಿಟ್ಟು ಇಲ್ಲಿಗೆ ಬಂದ ನಮ್ಮ ಹಿರಿಯ ತಲೆಮಾರೂ ಈಗ ಆ ವಯಸ್ಸನ್ನು ಮುಟ್ಟಿದೆ. "ವಯಸ್ಸಾಯಿತು, ಕೈ ನಡುಗುತ್ತದೆ" ಎಂದು ಸುಮ್ಮನಾಗುವ ಮನೆಗಳು ಇದನ್ನು ಗಮನಿಸಬೇಕು.

ಔಷಧಕ್ಕೂ ಮಿತಿಯಿದೆ. ವರ್ಷಗಳು ಕಳೆದಂತೆ ಅದರ ಪ್ರಭಾವ ಒಂದು ಹೊತ್ತು ಇದ್ದು ಇನ್ನೊಂದು ಹೊತ್ತು ಇಳಿಯುತ್ತದೆ. ಇಲ್ಲಿ ಎರಡನೆಯ ಶೋಧದ ಕಥೆ ಬರುತ್ತದೆ. ಅದೇ ೧೯೬೭ರಲ್ಲಿ ಬ್ರಿಟನ್ನಿನ ನರರೋಗತಜ್ಞ ಜೇಮ್ಸ್ ಪರ್ಡನ್ ಮಾರ್ಟಿನ್, ಹೆಜ್ಜೆ ಎತ್ತಲಾರದ ರೋಗಿಗಳು ನೆಲದ ಮೇಲೆ ಅಡ್ಡಗೆರೆಗಳನ್ನು ಎಳೆದರೆ ಅವನ್ನು ದಾಟಿ ನಡೆಯುತ್ತಾರೆಂದು ಬರೆದರು. ಕಣ್ಣಿಗೆ ಗೆರೆ ಹೇಗೋ ಕಿವಿಗೆ ತಾಳ ಹಾಗೆ. ೧೯೯೬ರಲ್ಲಿ ಅಮೆರಿಕದ ಮೈಕೆಲ್ ಥೌಟ್ ಮತ್ತು ಸಂಗಡಿಗರು ರೋಗಿಗಳನ್ನು ಮೂರು ವಾರ, ತಾಳವನ್ನು ಒತ್ತಿ ಕೇಳಿಸುವ ಸಂಗೀತದೊಂದಿಗೆ ಮನೆಯ ಪರಿಸರದಲ್ಲೇ ನಡೆಸಿದರು. ಅವರ ನಡಿಗೆಯ ವೇಗ ಸುಮಾರು ಕಾಲುಭಾಗ ಹೆಚ್ಚಿತು.

ಇದನ್ನು ನೃತ್ಯವಾಗಿಸಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್. ಅಲ್ಲಿನ ರೋಗಿಗಳ ಬಳಗದ ಓಲಿ ವೆಸ್ಟ್‌ಹೈಮರ್ ಕೇಳಿಕೊಂಡ ಮೇರೆಗೆ ಮಾರ್ಕ್ ಮಾರಿಸ್ ನೃತ್ಯ ತಂಡ ೨೦೦೧ರಲ್ಲಿ ಮೊದಲ ತರಗತಿ ನಡೆಸಿತು. ಕುರ್ಚಿಯಲ್ಲಿ ಕುಳಿತು ಆರಂಭಿಸಿ, ಅದರ ಬೆನ್ನು ಹಿಡಿದು ನಿಂತು, ಶಕ್ತಿಯಿದ್ದವರು ನಡೆದು, ಕೊನೆಗೆ ಎಲ್ಲರೂ ವೃತ್ತವಾಗಿ ಮುಗಿಸುವುದು ಅದರ ಕ್ರಮ. ಅದೇ ವರ್ಷ ಮುಂಬಯಿಯಲ್ಲಿ ಪಾರ್ಕಿನ್‌ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ಸ್ಥಾಪನೆಗೊಂಡು ರೋಗಿಗಳನ್ನೂ ಮನೆಯವರನ್ನೂ ಕೂಡಿಸುವ ಬಳಗಗಳನ್ನು ಬೆಳೆಸಿತು. ೨೦೧೦ರ ಸುಮಾರಿಗೆ ಪುಣೆಯಲ್ಲಿ ನರ್ತಕ ಹೃಷಿಕೇಶ್ ಪವಾರ್ ಇಂಥ ರೋಗಿಗಳಿಗಾಗಿಯೇ ನೃತ್ಯ ಕಲಿಸತೊಡಗಿದರು.

ಆದರೆ ಮೆಟ್ಟಿಲು ಇಳಿದು, ರಿಕ್ಷಾ ಹಿಡಿದು, ಲೋಕಲ್ ಗಾಡಿಯ ನೂಕುನುಗ್ಗಲಲ್ಲಿ ಹೋಗುವುದು ಇವರಿಗೆ ಸುಲಭವೆ? ೨೦೨೦ರ ಮಾರ್ಚಿಯಲ್ಲಿ ಕೊರೋನಾದಿಂದ ಲೋಕಲ್ ಗಾಡಿಗಳೇ ನಿಂತಾಗ ಬಳಗಗಳೂ ತರಗತಿಗಳೂ ಜೂಮ್ ಪರದೆಗೆ ಬಂದವು. ಅನಿವಾರ್ಯವಾಗಿ ಬಂದದ್ದು ಅನುಕೂಲವೆನಿಸಿತು; ಹೊರಗೆ ಹೋಗಲಾರದವರಿಗೂ ಗುರು ಸಿಕ್ಕಿದರು. ಕೊರತೆಗಳೂ ಇವೆ. ಧ್ವನಿ ತಡವಾಗಿ ತಲಪುವುದರಿಂದ ಎಲ್ಲರ ಚಪ್ಪಾಳೆ ಕೂಡುವುದಿಲ್ಲ. ಗುರು ಎಲ್ಲರ ಮೈಕನ್ನೂ ಮುಚ್ಚಿಸಬೇಕಾಗುತ್ತದೆ. ಬೀಳುವವರನ್ನು ಪರದೆಯೊಳಗಿಂದ ಹಿಡಿಯಲಾಗದು. ಆದುದರಿಂದ ಕೈಯಿರುವ ಗಟ್ಟಿ ಕುರ್ಚಿ, ಜಾರದ ನೆಲ, ಪಕ್ಕದಲ್ಲಿ ಮನೆಯವರೊಬ್ಬರು, ಗುಳಿಗೆಯ ಪ್ರಭಾವವಿರುವ ಸಮಯ, ಇಷ್ಟು ಅವಶ್ಯ.

ನೃತ್ಯ ರೋಗವನ್ನು ಗುಣಪಡಿಸುವುದಿಲ್ಲ. ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದವರು ೨೦೨೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೊಮ್ಮೆ ನರ್ತಿಸಿದ ೧೬ ರೋಗಿಗಳ ಚಲನೆ ಮೂರು ವರ್ಷಗಳಲ್ಲಿ, ನರ್ತಿಸದ ೧೬ ಮಂದಿಯಷ್ಟು ಕುಗ್ಗಲಿಲ್ಲ. ಸಂಖ್ಯೆ ಚಿಕ್ಕದು, ಆದರೂ ಆಶಾದಾಯಕ.

ಕುಳಿತು ಮಾಡುವ ಕಲೆ ಕನ್ನಡಿಗರಿಗೆ ಹೊಸದಲ್ಲ. ಮೈಸೂರು ಸಂಪ್ರದಾಯದಲ್ಲಿ ಕುಳಿತೇ ಅಭಿನಯಿಸುವ ಪದ್ಧತಿಯಿತ್ತು, ಕೆ. ವೆಂಕಟಲಕ್ಷಮ್ಮನವರು (೧೯೦೬–೨೦೦೨) ಅದರ ಕೀರ್ತಿಯನ್ನು ನಮ್ಮ ಕಾಲದವರೆಗೆ ತಂದವರು. ತಾಳಮದ್ದಳೆಯ ಅರ್ಥಧಾರಿಗಳೂ ಕುಳಿತೇ ರಣರಂಗವನ್ನು ಕಟ್ಟುತ್ತಾರೆ. ಕೋಲಾಟದ ಹೊಡೆತ, ಚೆಂಡೆಯ ಪೆಟ್ಟು ನಮ್ಮ ಹಿರಿಯರ ಮೈಯಲ್ಲಿ ಬಾಲ್ಯದಿಂದಲೇ ಇವೆ.

ನೆರೆಯ ಆ ಹಿರಿಯರು ಈಗ ಇಂಥ ತರಗತಿಯೊಂದಕ್ಕೆ ಸೇರಿದ್ದಾರೆ. ಮೊಮ್ಮಗಳು ಫೋನನ್ನು ಡಬ್ಬಿಗೆ ಆನಿಸಿ ಇಟ್ಟುಕೊಡುತ್ತಾಳೆ. ಪಾಠ ಹಿಂದಿಯಲ್ಲಿ, ಅವರು ಎಣಿಸುವುದು ಮಾತ್ರ ಕನ್ನಡದಲ್ಲಿ. ವಾರಕ್ಕೆ ಒಂದು ಗಂಟೆ ಕನ್ನಡದಲ್ಲೇ ಎಣಿಸಿ ಕುಣಿಸಬಲ್ಲ ನೃತ್ಯಗುರುಗಳು, ಯಕ್ಷಗಾನ ಕಲಾವಿದರು ಈ ನಗರದಲ್ಲಿ ಇಲ್ಲದಿಲ್ಲ. ಈ ರೋಗಿಗಳಿಗೆ ಕಲಿಸುವ ಕ್ರಮವನ್ನು ಅರಿತವರಿಂದ ಮೊದಲು ತಿಳಿದುಕೊಂಡು ಅವರು ಮುಂದೆ ಬಂದರೆ, ನಿಂತ ಹೆಜ್ಜೆಗಳೆಷ್ಟೋ ಮತ್ತೆ ಹೊರಟಾವು.