ಪಾಲಕರು ಯಾರು? - ಮುಂಬಯಿ ಕನ್ನಡ ಶಾಲೆಗಳ ಒಂದು ಹಳೆಯ ಲೆಕ್ಕ

ಜೂನ್ ತಿಂಗಳು ಬಂತೆಂದರೆ ಮುಂಬಯಿಯಲ್ಲಿ ಮಳೆಯೂ ಶಾಲೆಯೂ ಹೆಚ್ಚುಕಡಿಮೆ ಒಟ್ಟಿಗೇ ಶುರು. ಹೊಸ ರೈನ್‌ಕೋಟು, ಹೊಸ ಚಪ್ಪಲಿ, ಬ್ರೌನ್ ಪೇಪರಿನ ಹೊದಿಕೆ ಹಾಕಿದ ಪುಸ್ತಕ.....

ಮೊನ್ನೆ ಹಳೆಯ ಸ್ನೇಹಿತರೊಬ್ಬರು ಫೋನ್ ಮಾಡಿದ್ದರು. ನಾನು ಕೆಲವು ವರ್ಷ ಲೆಕ್ಕಪತ್ರ ನೋಡಿಕೊಂಡಿದ್ದ ಒಂದು ಕನ್ನಡ ಪ್ರಾಥಮಿಕ ಶಾಲೆಯ ಪಾಲಕರ ಗುಂಪಿನ ಸುದ್ದಿ ಹೇಳಲಿಕ್ಕೆ. ಒಂದನೇ ಇಯತ್ತೆಗೆ ಈ ಸಲ ಹನ್ನೊಂದು ಮಕ್ಕಳು ಬಂದಿದ್ದಾರಂತೆ. ಸಮಿತಿಗೆ ಇಬ್ಬರು ಹೊಸ ತಾಯಂದಿರು ಸೇರಿದ್ದಾರಂತೆ. ಶನಿವಾರ ಮಕ್ಕಳಿಗೆ ಓದಿಸಲು ಹಳೆಯ ವಿದ್ಯಾರ್ಥಿಯೊಬ್ಬ ಒಪ್ಪಿದ್ದಾನಂತೆ. ಕೊನೆಗೆ ಅವರು ಹೇಳಿದ್ದು: "ಇನ್ನು ಮುಂದೆ ಸಭೆ ಬೆಳಗ್ಗೆ ಹನ್ನೊಂದಕ್ಕಲ್ಲ ಮಾರಾಯ್ರೆ, ರಾತ್ರಿ ಎಂಟಕ್ಕೆ!"

ಕೇಳಿದವರಿಗೆ ಇದೇನು ದೊಡ್ಡ ಸುದ್ದಿ ಅನ್ನಿಸಬಹುದು. ನನಗೆ ಮಾತ್ರ ನೂರು ವರ್ಷಕ್ಕೂ ಹಿಂದಿನ ಒಂದು ಕಥೆ ನೆನಪಾಯಿತು. ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ಈ ಊರಿನಲ್ಲಿ ಕನ್ನಡ ಕಲಿಕೆಯ ಚರಿತ್ರೆ ಆರಂಭವಾಗುವುದು ಪಾಲಕರೇ ಇಲ್ಲದ ಮಕ್ಕಳಿಂದ. ಅನಾಥರು ಅಂತಲ್ಲ. ತಂದೆ-ತಾಯಿ ಊರಲ್ಲಿ, ಮಗ ಮುಂಬಯಿಯಲ್ಲಿ. ದಕ್ಷಿಣ ಕನ್ನಡ ಆಗ ಮದ್ರಾಸು ಪ್ರಾಂತದಲ್ಲಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಡೆಯವರಿಗೆ 1956ರ ನವೆಂಬರ್ 1ರವರೆಗೂ ಮುಂಬಯಿಯೇ ರಾಜಧಾನಿ! ಕರಾವಳಿಯ ಹುಡುಗರು ಹಡಗಿನಲ್ಲಿ ಬಂದು ಹೋಟೆಲುಗಳಲ್ಲಿ, ಕ್ಯಾಂಟೀನುಗಳಲ್ಲಿ, ಗೋದಾಮುಗಳಲ್ಲಿ ಸೇರಿಕೊಂಡರು. ಮುಂಜಾನೆ ಎದ್ದರೆ ಕಪ್ಪು-ಬಸಿ ತೊಳೆಯುವುದು, ಟೇಬಲ್ ಒರೆಸುವುದು, ರಾತ್ರಿ ಅಲ್ಲೇ ಎರಡು ಟೇಬಲ್ ಜೋಡಿಸಿ ಮಲಗುವುದು. ಇಂಥ ಹುಡುಗನಿಗೆ ಹಗಲು ಶಾಲೆ ಎಲ್ಲಿಂದ ಬರಬೇಕು?

ಮೊಗವೀರ ಸಮಾಜದವರು 1902ರಲ್ಲಿ ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡರು. 1908ರಲ್ಲಿ ಆ ಮಂಡಳಿ ಉಚಿತ ರಾತ್ರಿ ಶಾಲೆ ತೆರೆಯಿತು. ಹೀಗೆ ರಾತ್ರಿ ದೀಪ ಹಚ್ಚಿ ಕಲಿಸುವ ಪರಿಪಾಠ ಮಹಾರಾಷ್ಟ್ರಕ್ಕೆ ಹೊಸದೇನಲ್ಲ. ಜ್ಯೋತಿಬಾ ಫುಲೆ, ಸಾವಿತ್ರಿಬಾಯಿ ದಂಪತಿ 1855ರಲ್ಲೇ ಪುಣೆಯಲ್ಲಿ ದುಡಿಯುವ ಜನರಿಗಾಗಿ ರಾತ್ರಿ ಶಾಲೆ ನಡೆಸಿದ್ದರು. ಮೊಗವೀರರ ಶಾಲೆಯ ಬಳಿಕ ಬಿಲ್ಲವರ ಅಸೋಸಿಯೇಶನ್‌ನ ಗುರುನಾರಾಯಣ ರಾತ್ರಿ ಶಾಲೆಯೂ ಸೇರಿದಂತೆ ಇನ್ನೂ ಹಲವು ಕನ್ನಡ ರಾತ್ರಿ ಶಾಲೆಗಳು ಈ ನಗರದಲ್ಲಿ ನಡೆದವು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕಲಿತು ಮುಂದೆ ಕ್ಲರ್ಕು, ಮೇಷ್ಟ್ರು, ವಕೀಲರು, ಹೋಟೆಲ್ ಮಾಲಕರು ಆದವರು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ. ನಮ್ಮ ಬ್ಯಾಂಕಿನಲ್ಲೇ ನಾನು ಅಂಥ ಹಿರಿಯರ ಕೈಕೆಳಗೆ ಕೆಲಸ ಕಲಿತವನು.

ಈ ಶಾಲೆಗಳಲ್ಲಿ 'ಪಾಲಕರ ಸಭೆ' ಅಂತ ಕರೆದರೆ ಯಾರು ಬರಬೇಕು? ಅಪ್ಪ ಬರುವಂತಿರಲಿಲ್ಲ. ಆದ್ದರಿಂದ ಬಂದವರು ಸಂಘದ ಹಿರಿಯರು, ದೂರದ ಮಾವ, ಊರಿನ ಕಡೆಯ ಅಣ್ಣ, ಕೆಲವೊಮ್ಮೆ ಹೋಟೆಲಿನ ಯಜಮಾನರೇ. ನಾನು ಕೇಳಿದ ಒಂದು ಮಾತು - ಒಬ್ಬ ಹಿರಿಯರು ಹೇಳುತ್ತಿದ್ದರು, "ನಮ್ಮ ಸಂಘದ ಕಾರ್ಯದರ್ಶಿ ಪ್ರತಿ ವಾರ ಹೋಟೆಲಿಗೆ ಚಾ ಕುಡಿಯಲು ಬರುತ್ತಿದ್ದರು. ಚಾ ಕುಡಿಯಲಿಕ್ಕಲ್ಲ, ನಾನು ಶಾಲೆಗೆ ಹೋಗುತ್ತೇನೋ ಇಲ್ಲವೋ ಎಂದು ಮಾಲಕರನ್ನು ಕೇಳಲಿಕ್ಕೆ!" ಹುಡುಗನನ್ನು ಎಂಟು ಗಂಟೆಗೆ ಬಿಡಿಸಿಕೊಳ್ಳುವುದೇ ಆಗಿನ ಸ್ವಯಂಸೇವೆಯ ಮುಖ್ಯ ಕೆಲಸ. ಮಗುವನ್ನು ಶಾಲೆಯ ಗಂಟೆಗೆ ಹೊಂದಿಸಲಾಗದಿದ್ದಾಗ ಶಾಲೆಯನ್ನೇ ಮಗುವಿನ ಗಂಟೆಗೆ ಹೊಂದಿಸಿದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ಕಾಲ ಬದಲಾಯಿತು. ಖೋಲಿ ಸಿಕ್ಕಿತು, ಮದುವೆಯಾಯಿತು, ಸಂಸಾರ ಊರಿನಿಂದ ಬಂತು. ಮಾಟುಂಗಾ, ವಡಾಲಾ, ಚೆಂಬೂರು, ಆಮೇಲೆ ಡೊಂಬಿವಲಿ ಕಡೆ ಕನ್ನಡದ ಮನೆಗಳಾದವು. ಆಗ ಹಗಲು ಶಾಲೆಗಳು ಬೇಕಾದವು. ವಡಾಲಾದ ನ್ಯಾಶನಲ್ ಕನ್ನಡ ಎಜುಕೇಶನ್ ಸೊಸೈಟಿ, ಚೆಂಬೂರು ಕರ್ನಾಟಕ ಸಂಘ ಮೊದಲಾದ ಸಂಸ್ಥೆಗಳು ಶಾಲೆ ಕಟ್ಟಿದವು. ಮುಂಬಯಿ ಮಹಾನಗರಪಾಲಿಕೆಯೂ ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗುಗಳ ಜೊತೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸಿಕೊಂಡು ಬಂದಿದೆ. ಒಂದೇ ಪಾಲಿಕೆ, ಎಂಟು ಭಾಷೆ! 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಒದಗಿಸಲು ಪ್ರತಿ ರಾಜ್ಯವೂ, ಸ್ಥಳೀಯ ಆಡಳಿತವೂ ಪ್ರಯತ್ನಿಸಬೇಕು ಎನ್ನುತ್ತದೆ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ 'ಬಾಲಭಾರತಿ' ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ನಮ್ಮ ಮುಂಬಯಿ ಮಕ್ಕಳ ಕನ್ನಡ ಪುಸ್ತಕ ಬರುವುದು ಬೆಂಗಳೂರಿನಿಂದಲ್ಲ, ಪುಣೆಯಿಂದ ಎಂದರೆ ಊರಿನವರು ಈಗಲೂ ನಂಬುವುದಿಲ್ಲ.

ಹಗಲು ಶಾಲೆ ಬಂದ ಮೇಲೆ ನಿಜವಾದ ಅಪ್ಪ-ಅಮ್ಮ ಶಾಲೆಗೆ ಬಂದರು. ಗ್ಯಾದರಿಂಗಿಗೆ ಮಕ್ಕಳಿಗೆ ಸೀರೆ ಉಡಿಸುವ, ಯಕ್ಷಗಾನದ ವೇಷ ಕಟ್ಟುವ, ಗಣವೇಷದ ಬಟ್ಟೆ ಒಟ್ಟಿಗೆ ತಂದು ಅಗ್ಗದಲ್ಲಿ ಹೊಲಿಸುವ ತಾಯಂದಿರ ಪಡೆ ಹುಟ್ಟಿತು. ಪಾಲಕರು ಹೀಗೆ ಸಂಘಟಿತರಾಗುವುದು ಲೋಕದಲ್ಲಿ ಹಳೆಯ ಸಂಗತಿಯೇ. ಅಮೆರಿಕದಲ್ಲಿ ಆಲಿಸ್ ಬರ್ನಿ ಮತ್ತು ಫೀಬಿ ಹರ್ಸ್ಟ್ ಎಂಬ ಇಬ್ಬರು ಮಹಿಳೆಯರು 1897ರ ಫೆಬ್ರವರಿಯಲ್ಲಿ ವಾಷಿಂಗ್ಟನ್‌ನಲ್ಲಿ ತಾಯಂದಿರ ಮಹಾಸಭೆ ಕರೆದರು. ಎರಡು ಸಾವಿರಕ್ಕೂ ಹೆಚ್ಚು ಮಂದಿ ಸೇರಿದರಂತೆ. ಅಲ್ಲಿನ ಪಾಲಕ-ಶಿಕ್ಷಕ ಸಂಘಗಳ ಬೇರು ಅದು.

ನಮ್ಮಲ್ಲಿ ಇದು ಕಾನೂನಿನ ಪುಸ್ತಕಕ್ಕೆ ಬಂದದ್ದು ತಡವಾಗಿ. ಕರ್ನಾಟಕದಲ್ಲಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಸರ್ಕಾರಿ ಶಾಲೆಗಳಿಗೆ ಎಸ್‌ಡಿಎಂಸಿ ಬಂತು. ದೇಶಕ್ಕೆಲ್ಲ ಅನ್ವಯಿಸುವ ಶಿಕ್ಷಣ ಹಕ್ಕು ಕಾಯಿದೆ 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ 21ನೆಯ ಕಲಂ ಪ್ರಕಾರ ಅನುದಾನರಹಿತ ಶಾಲೆಗಳನ್ನು ಬಿಟ್ಟು ಉಳಿದ ಕಡೆ ಶಾಲಾ ವ್ಯವಸ್ಥಾಪನ ಸಮಿತಿ ಇರಬೇಕು, ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕು. ಅನುದಾನ ಹೇಗೆ ಖರ್ಚಾಯಿತು ನೋಡುವುದು, ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದು ಅವರ ಕೆಲಸ. 2012ರ ತಿದ್ದುಪಡಿಯಂತೆ ಅಲ್ಪಸಂಖ್ಯಾತರ ಅನುದಾನಿತ ಶಾಲೆಗಳಲ್ಲಿ ಈ ಸಮಿತಿ ಸಲಹೆ ಮಾತ್ರ ಕೊಡಬಹುದು.

ಇಷ್ಟು ಒಳ್ಳೆಯ ಕಾಯಿದೆ ಬಂದಾಗ ನಮ್ಮ ಕನ್ನಡ ಶಾಲೆಗಳಲ್ಲಿ ಏನಾಗಿತ್ತು? ಪಾಲಕರೇ ಹೊರಟು ಹೋಗಿದ್ದರು!

ಕಾರಣಗಳನ್ನು ಒಂದೊಂದಾಗಿ ಎಣಿಸಬಹುದು. ನನ್ನಂಥ ನೌಕರಿಯವರು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದೆವು. 2000ದಲ್ಲಿ ಮಹಾರಾಷ್ಟ್ರ ಸರ್ಕಾರ ಒಂದನೇ ಇಯತ್ತೆಯಿಂದಲೇ ಇಂಗ್ಲಿಷ್ ಕಲಿಸಲು ಆರಂಭಿಸಿದರೂ ನಮಗೆ ಸಮಾಧಾನವಾಗಲಿಲ್ಲ. ಚಾಳುಗಳು ಒಡೆದು ಜನ ದೂರದ ಉಪನಗರಗಳಿಗೆ ಹೋದರು. ರಾತ್ರಿ ಶಾಲೆಗಳಿಗೆ ಬರುವ ಹೋಟೆಲ್ ಹುಡುಗರೂ ಕಡಿಮೆಯಾದರು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕರ ಒಳಗಿನ ಮಕ್ಕಳನ್ನು ಹೋಟೆಲಿನಲ್ಲಿ, ಮನೆಗೆಲಸದಲ್ಲಿ ದುಡಿಸುವುದು ನಿಷೇಧವಾಯಿತು. ಇದಕ್ಕೆ ದುಃಖ ಪಡಬೇಕಾಗಿಲ್ಲ. ಬೆಂಚು ಖಾಲಿಯಾದದ್ದು ಒಳ್ಳೆಯ ಕಾರಣಕ್ಕೂ ಇರಬಹುದು.

ಬೆಂಚು ಪೂರ್ತಿ ಖಾಲಿಯಾಗಲಿಲ್ಲ. ನಾವು ಎದ್ದ ಜಾಗದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಬಂದವರ ಮಕ್ಕಳು ಕುಳಿತರು. ಈಗ ಮುಂಬಯಿಯಲ್ಲಿ ಕನ್ನಡ ಮಾಧ್ಯಮ ಉಳಿದಿದ್ದರೆ ಬಹುಪಾಲು ಈ ಮಕ್ಕಳಿಂದ.

ನಾನು ಈ ಲೆಕ್ಕಕ್ಕೆ ಬಂದದ್ದು ಹೀಗೆ. ಫೋನ್ ಮಾಡಿದ್ದ ಆ ಸ್ನೇಹಿತರು ಸುಮಾರು ಇಪ್ಪತ್ತು ವರ್ಷದ ಹಿಂದೆ, "ನೀವು ಬಿಕಾಂ, ಮೇಲಾಗಿ ಬ್ಯಾಂಕಿನವರು, ಪಾಲಕರ ಗುಂಪಿನ ಜಮಾ-ಖರ್ಚು ಬರೆದುಕೊಡಿ" ಎಂದರು. ಒಪ್ಪಿದೆ. ಮಕ್ಕಳ ಚಪ್ಪಲಿ, ಕನ್ನಡಕ, ಪ್ರವಾಸದ ಬಸ್ಸು - ಇಷ್ಟೇ ಬಾಬ್ತುಗಳು. ಪ್ರತಿ ಜೂನಿನಲ್ಲಿ ಮಾತ್ರ ಇನ್ನೊಂದು ಕೆಲಸ: ನಾಕಾದ ಮೇಲೆ, ಕಟ್ಟಡ ಏಳುತ್ತಿರುವ ಜಾಗಗಳಲ್ಲಿ ತಿರುಗಿ ಕನ್ನಡ ಮಾತಾಡುವ ಮಕ್ಕಳನ್ನು ಹುಡುಕುವುದು.

2011ರ ಜೂನ್. ಶಾಲೆಯಲ್ಲಿ 57 ಮಕ್ಕಳಿದ್ದರು. ಹೊಸ ಕಾಯಿದೆಯ ಪಟ್ಟಿಯಂತೆ ಒಂದರಿಂದ ಐದನೇ ಇಯತ್ತೆಯ ಶಾಲೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ಅಂದರೆ ಅರವತ್ತೊಂದನೆಯ ಮಗು ಶಾಲೆಯ ಒಳಗೆ ಕಾಲಿಟ್ಟರೆ ತನ್ನ ಜೊತೆ ಒಬ್ಬ ಶಿಕ್ಷಕರನ್ನೂ ಕರೆತಂದ ಹಾಗೆ! ನಾಲ್ಕು ಮಕ್ಕಳು ಬೇಕಿತ್ತು. ಎರಡು ಭಾನುವಾರ ಮಳೆಯಲ್ಲಿ ತಿರುಗಿದೆವು. ಒಂದು ಪತ್ರಾ ಶೆಡ್ಡಿನಲ್ಲಿ ಕಲಬುರಗಿ ಕಡೆಯ ತಾಯಿಯೊಬ್ಬರು ತಮ್ಮ ಇಬ್ಬರು ಮಕ್ಕಳನ್ನು ಕಳಿಸಲು ಒಪ್ಪಿದರು. ಹೆಸರು ಬರೆದುಕೊಂಡೆ. ಹೊರಡುವಾಗ ಆಕೆ ಸಹಜವಾಗಿ ಕೇಳಿದರು:

"ಸಾಹೇಬ್ರ, ನಿಮ್ಮ ಮಕ್ಕಳೂ ಇದ ಸಾಲ್ಯಾಗ ಅದಾವೇನ್ರಿ?"

ನನ್ನ ಕಿರಿಮಗ ಅದೇ ತಿಂಗಳು ಒಂದನೇ ಇಯತ್ತೆಗೆ ಸೇರಿದ್ದ. ಇಂಗ್ಲಿಷ್ ಶಾಲೆಗೆ. "ಇಲ್ರಿ ಅಕ್ಕಾ, ಮನೆ ದೂರ" ಎಂದೆ. ಮನೆಯಿಂದ ಶಾಲೆಗೆ ನಡೆದರೆ ಹನ್ನೆರಡು ನಿಮಿಷ.

ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದೆ. 57ಕ್ಕೆ 2 ಸೇರಿಸಿ 59. ನನ್ನ ಮಗ ಬಂದಿದ್ದರೆ 60. ನಮ್ಮ ಜೊತೆಗೆ ತಿರುಗುತ್ತಿದ್ದ ಇನ್ನೊಬ್ಬ ಹಿತೈಷಿಗಳ ಮೊಮ್ಮಗಳು ಬಂದಿದ್ದರೆ 61. ಮಳೆಯಲ್ಲಿ ಊರೆಲ್ಲ ಹುಡುಕಿದ ಮಕ್ಕಳು ನಮ್ಮ ಮನೆಗಳಲ್ಲೇ ಇದ್ದರು!

ಆ ವರ್ಷದ ಅಕ್ಟೋಬರ್ 3ರಿಂದ 5ರವರೆಗೆ ಮಹಾರಾಷ್ಟ್ರದಾದ್ಯಂತ ಶಾಲೆಗಳಲ್ಲಿ ತಲೆ ಎಣಿಕೆ ನಡೆಯಿತು. ಸುಳ್ಳು ಪಟಸಂಖ್ಯೆ ತೋರಿಸಿ ಅನುದಾನ ಪಡೆಯುವವರನ್ನು ಹಿಡಿಯಲು ಮಕ್ಕಳ ಬೆರಳಿಗೆ ಶಾಯಿ ಹಚ್ಚಿ ಎಣಿಸಿದರು. ನಮ್ಮ ಶಾಲೆಯ ಲೆಕ್ಕ ಚೊಕ್ಕವಾಗಿತ್ತು, 59ಕ್ಕೆ 59. ಎಲ್ಲರೂ ಮೆಚ್ಚಿದರು. ನನಗೆ ಮಾತ್ರ ಖುಷಿಯಾಗಲಿಲ್ಲ. ರಿಜಿಸ್ಟರಿನಲ್ಲಿ ಸುಳ್ಳು ಇರಲಿಲ್ಲ ನಿಜ, ಸುಳ್ಳು ನಾನು ಆ ತಾಯಿಗೆ ಹೇಳಿದ್ದರಲ್ಲಿತ್ತು.

ಮಗನನ್ನು ಕನ್ನಡ ಶಾಲೆಗೆ ಹಾಕಬೇಕಿತ್ತೇ? ಈಗಲೂ ಖಚಿತವಾಗಿ ಹೇಳಲಾರೆ. ಅವನು ಚೆನ್ನಾಗಿ ಕಲಿತಿದ್ದಾನೆ, ಕನ್ನಡ ಮಾತಾಡುತ್ತಾನೆ, ಓದಲು ತಡವರಿಸುತ್ತಾನೆ. ಯಾರ ಮೇಲೂ ಬೆರಳು ತೋರಿಸಲು ನಾನು ಇದನ್ನು ಬರೆಯುತ್ತಿಲ್ಲ. ಆದರೆ ಕನ್ನಡ ಶಾಲೆ ಮುಚ್ಚಿತು ಎಂಬ ಸುದ್ದಿ ಬಂದಾಗಲೆಲ್ಲ ನಾವು ಸರ್ಕಾರವನ್ನು, ಪಾಲಿಕೆಯನ್ನು ಬಯ್ಯುತ್ತೇವಲ್ಲ, ಆಗ ನನಗೆ ಆ ಪತ್ರಾ ಶೆಡ್ಡು ನೆನಪಾಗುತ್ತದೆ.

ಇನ್ನೊಂದು ತಪ್ಪೂ ನಮ್ಮದೇ. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರು ಎಂದು ಕಾಯಿದೆ ಹೇಳಿತು, ಹೆಸರುಗಳನ್ನೂ ಬರೆದೆವು. ಸಭೆ ಮಾತ್ರ ಬೆಳಗ್ಗೆ ಹನ್ನೊಂದಕ್ಕೆ. ದಿನಗೂಲಿಯವರು ಹನ್ನೊಂದಕ್ಕೆ ಬಂದರೆ ಆ ದಿನದ ಪಗಾರ ಹೋಯಿತು. ಬರಲಿಲ್ಲ. "ಈ ಪಾಲಕರಿಗೆ ಮಕ್ಕಳ ಬಗ್ಗೆ ಆಸಕ್ತಿಯೇ ಇಲ್ಲ" ಎಂದು ಕುರ್ಚಿಯಲ್ಲಿ ಕುಳಿತ ನಾವು ಚಾ ಕುಡಿಯುತ್ತ ಮಾತಾಡಿಕೊಂಡೆವು. ಅವರ ಸಹಿ ಬೇಕಾದಾಗ ಪುಸ್ತಕ ಮನೆಗೆ ಕಳಿಸಿದೆವು. 1908ರ ಹಿರಿಯರು ಹುಡುಗನ ದುಡಿಮೆಯ ಹೊತ್ತು ನೋಡಿ ಶಾಲೆಯ ಗಂಟೆ ಬಾರಿಸಿದ್ದರು. ಅವರ ಹೆಸರು ಹೇಳಿ ಭಾಷಣ ಮಾಡುವ ನಾವು ಇಷ್ಟು ಸಣ್ಣ ವಿಷಯ ಕಲಿಯಲಿಲ್ಲ.

ಅದಕ್ಕೇ ಮೊನ್ನೆ ಫೋನಿನಲ್ಲಿ 'ರಾತ್ರಿ ಎಂಟಕ್ಕೆ' ಎಂದು ಕೇಳಿದಾಗ ಅಷ್ಟು ಸಂತೋಷವಾಯಿತು. ಮೊದಲ ಸಭೆಗೆ ಹತ್ತೊಂಬತ್ತು ಮಂದಿ ಬಂದಿದ್ದರಂತೆ, ಹನ್ನೆರಡು ತಾಯಂದಿರು. ಕೆಲವರು ಸಿಮೆಂಟಿನ ಕೈಯಲ್ಲೇ ಬಂದರಂತೆ. ಊಟದ ಅನ್ನ ಕೆಲವು ದಿನ ಬೇಯುವುದಿಲ್ಲ ಎಂದು ಒಬ್ಬರು ಹೇಳಿದರಂತೆ. ದೀಪಾವಳಿಗೆ ಊರಿಗೆ ಹೋದ ಮಕ್ಕಳು ತಿಂಗಳು ಕಳೆದು ಬಂದರೆ ಹೆಸರು ತೆಗೆಯಬೇಡಿ ಎಂದು ಇನ್ನೊಬ್ಬರು ಕೇಳಿದರಂತೆ. ಹನ್ನೊಂದು ಗಂಟೆಯ ನಮ್ಮ ಸಭೆಗಳಲ್ಲಿ ಈ ಎರಡು ವಿಷಯ ಒಮ್ಮೆಯೂ ಬಂದಿರಲಿಲ್ಲ.

ಲೆಕ್ಕಪತ್ರ ನೋಡಲು ಮತ್ತೆ ಬರುತ್ತೀರಾ ಎಂದು ಕೇಳಿದ್ದಾರೆ. ನಿವೃತ್ತಿಗೆ ಇನ್ನು ಹೆಚ್ಚು ದಿನವಿಲ್ಲ, ಬರುತ್ತೇನೆ ಎಂದಿದ್ದೇನೆ. ಈ ಸಲ ಯಾರಾದರೂ ಅದೇ ಪ್ರಶ್ನೆ ಕೇಳಿದರೆ ಮನೆ ದೂರ ಎನ್ನುವುದಿಲ್ಲ.

ನಿಮ್ಮ ಬಡಾವಣೆಯ ಹತ್ತಿರ ಇನ್ನೂ ನಡೆಯುತ್ತಿರುವ ಕನ್ನಡ ಶಾಲೆಯಿದ್ದರೆ ಒಮ್ಮೆ ಹೋಗಿ ಬನ್ನಿ. ಹಣ ಕೊಡಲೇಬೇಕೆಂದಿಲ್ಲ. ಪಾಲಕರ ಸಭೆ ಎಷ್ಟು ಗಂಟೆಗೆ ಎಂದು ಕೇಳಿ, ಸಾಕು.