ಆರೈಕೆಯ ದಾರಿ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯಲ್ಲಿ ಆಸ್ಪತ್ರೆಯಿಂದ ಮನೆಗೆ

ರೋಗಿಯ ಉಪಚಾರಕ್ಕೆ ಕನ್ನಡದಲ್ಲಿ ಸಲ್ಲುವ ಎರಡು ಮಾತುಗಳನ್ನು ಮೊದಲು ಪರಿಶೀಲಿಸುವುದು ಉಚಿತ. ‘ಆರೈಕೆ’ ಎಂಬುದು ‘ಆರಯ್’ ಎಂಬ ಧಾತುವಿನಿಂದ ಬಂದುದು. ಹಳಗನ್ನಡದಲ್ಲಿ ಆ ಧಾತುವಿಗೆ ಅರಸು, ವಿಚಾರಿಸು ಎಂಬ ಅರ್ಥಗಳೂ ಸಲಹು ಎಂಬ ಅರ್ಥವೂ ಉಂಟು. ‘ಪಥ್ಯ’ವೆಂಬುದು ಸಂಸ್ಕೃತದ ಮಾತು, ದಾರಿಯೆಂಬ ಅರ್ಥವುಳ್ಳ ಶಬ್ದದಿಂದ ಹುಟ್ಟಿ, ದಾರಿಗೆ ಹಿತವಾದದ್ದೆಂಬ ಭಾವವನ್ನು ಹೊತ್ತಿದೆ. ‘ಆಸ್ಪತ್ರೆ’ಯಾದರೋ ಪಾಶ್ಚಾತ್ಯರೊಡನೆ ಬಂದ ಶಬ್ದ, ಅದು ಒಂದು ಸ್ಥಳವನ್ನು ಮಾತ್ರ ಹೇಳುತ್ತದೆ. ವೃದ್ಧನೋ ಅಂಗವಿಕಲನೋ ಆದ ರೋಗಿಯು ಆ ಸ್ಥಳವನ್ನು ಬಿಟ್ಟು ಮನೆಗೆ ಹಿಂದಿರುಗುವ ದಾರಿಯನ್ನು ಯಾರು ವಿಚಾರಿಸಿದರು ಎಂಬುದೇ ಇಲ್ಲಿಯ ಪ್ರಶ್ನೆ.

ಮಲೆನಾಡಿಗೆ ಸಮೀಪದ ಪ್ರಾಚೀನ ಸಾಕ್ಷ್ಯವೆಂದರೆ ಬಳ್ಳಿಗಾವೆಯ ಕೋಡಿಮಠದ ಕ್ರಿ. ಶ. 1162ರ ಶಾಸನ. ಬಿಜ್ಜಳನ ಕಾಲದ ಈ ಲೇಖವು ಮಠವನ್ನು ವಿದ್ಯಾಸ್ಥಾನವೆಂದು ಕೀರ್ತಿಸುವುದಲ್ಲದೆ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ತಡೆಯಿಲ್ಲದೆ ಅನ್ನವಿಕ್ಕುವ ತಾಣವೆಂದೂ, ದಿಕ್ಕಿಲ್ಲದ ರೋಗಿಗಳಿಗೆ ಔಷಧವೀಯುವ ತಾಣವೆಂದೂ ವರ್ಣಿಸುತ್ತದೆ. ಅಂಗವಿಕಲರನ್ನೂ ರೋಗಿಗಳನ್ನೂ ಹೀಗೆ ಒಂದೇ ಉಸಿರಿನಲ್ಲಿ ನೆನೆದುದು ಸಾಮಾನ್ಯವಾದ ಔದಾರ್ಯವಲ್ಲ. ಆದರೆ ಆ ವರ್ಣನೆಯೆಲ್ಲವೂ ಸ್ಥಾನದ ವರ್ಣನೆ. ಮಠದ ಬಾಗಿಲನ್ನು ದಾಟಿ ಹೊರಟವನ ಮುಂದಿನ ಗತಿಯು ಶಾಸನಕಾರನ ಗಮನಕ್ಕೆ ಬಂದಿಲ್ಲ.

ಪ್ರಸ್ತುತ ಸೀಮೆಯಲ್ಲಿ ಈ ಮೌನವು ಹೆಚ್ಚು ಭಾರವಾದುದು. ಶೃಂಗೇರಿಯು ತುಂಗೆಯ ದಡದಲ್ಲಿದೆ. ನರಸಿಂಹರಾಜಪುರವು ಭದ್ರೆಯ ಕಡೆಗಿದೆ. ಕೊಪ್ಪವು ಇವೆರಡರ ನಡುವಣ ಮಲೆಯ ನಾಡು. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒತ್ತಾಗಿ ಕೂಡಿಲ್ಲ. ಅಡಕೆ ತೋಟದ ಅಂಚಿನಲ್ಲಿ, ಗುಡ್ಡದ ಮಗ್ಗುಲಲ್ಲಿ ಒಂಟಿಮನೆಗಳು ಹರಡಿಕೊಂಡಿವೆ. ಮಳೆಗಾಲದಲ್ಲಿ ಹಳ್ಳವನ್ನು ದಾಟಲು ಎಷ್ಟೋ ಕಡೆ ಕಾಲುಸಂಕವೇ ಗತಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರಿನಿಂದ 1915ರಲ್ಲಿ ಎಡೇಹಳ್ಳಿಯು ನರಸಿಂಹರಾಜಪುರವಾಯಿತು. ತರೀಕೆರೆಯಿಂದ ಅಲ್ಲಿಗೆ ಕಿರುಹಳಿಯ ಟ್ರಾಂ ಓಡಿತು. ಆದರೆ ಅದರ ಮುಖ್ಯ ಪ್ರಯೋಜನ ಕಾಡಿನ ಉತ್ಪನ್ನಗಳ ಸಾಗಣೆ. ಮರಕ್ಕೆ ದೊರೆತಷ್ಟು ಸುಗಮವಾದ ದಾರಿ ನರಳುವ ಮನುಷ್ಯನಿಗೆ ದೊರೆಯಲಿಲ್ಲ. ಆ ಟ್ರಾಂ ಸಹ ಈಗ ಇಲ್ಲ.

ದೊಡ್ಡ ಚಿಕಿತ್ಸೆ ಬೇಕಾದವರು ಈಗಲೂ ಶಿವಮೊಗ್ಗಕ್ಕೆ ಹೋಗುತ್ತಾರೆ. ಇಲ್ಲವೆ ಆಗುಂಬೆಯ ಘಟ್ಟವಿಳಿದು, 1953ರಲ್ಲಿ ವೈದ್ಯ ವಿದ್ಯಾಲಯವು ಆರಂಭವಾದ ಮಣಿಪಾಲಕ್ಕೆ ಹೋಗುತ್ತಾರೆ. ಸೊಂಟದ ಮೂಳೆ ಮುರಿದ ಮುದುಕಿಯೋ ಪಾರ್ಶ್ವವಾಯು ಬಡಿದ ಯಜಮಾನನೋ ಅಲ್ಲಿಂದ ಹೊರಡುವಾಗ ಕೈಯಲ್ಲಿರುವುದು ಒಂದು ಚೀಟಿ. ಮನೆಯಲ್ಲಿ ಅವರನ್ನು ಎದುರುಗೊಳ್ಳುವುದು ಎತ್ತರದ ಹೊಸ್ತಿಲು, ಜಗಲಿಯ ಮೆಟ್ಟಿಲು, ಮಲಗುವ ಕೋಣೆಗೆ ದೂರವಾದ ನೀರು ಹಿಡಿದ ಬಚ್ಚಲು. ಹಳೆಯ ಮಾತ್ರೆಯನ್ನು ಬಿಟ್ಟು ಹೊಸದನ್ನು ನುಂಗಬೇಕೋ, ಎರಡನ್ನೂ ನುಂಗಬೇಕೋ ತಿಳಿಯದು. ಮಲಗಿದಲ್ಲೇ ಇರುವವರನ್ನು ಹೊತ್ತುಹೊತ್ತಿಗೆ ಮಗ್ಗುಲು ತಿರುಗಿಸದಿದ್ದರೆ ಬೆನ್ನು ಹುಣ್ಣಾಗುವುದೆಂದು ಹೇಳಿಕೊಟ್ಟವರಿಲ್ಲ. ಮಕ್ಕಳು ಬೆಂಗಳೂರಿನಲ್ಲಿದ್ದು, ಮುದುಕನನ್ನು ಮುದುಕಿಯೇ ಎತ್ತಬೇಕಾದ ಮನೆಗಳೂ ಉಂಟು. ಆಸ್ಪತ್ರೆಯು ಗೆದ್ದುದನ್ನು ಮನೆಯು ಸೋಲುವುದು ಹೀಗೆ. ಇದು ಮನೆಯವರ ಅಲಕ್ಷ್ಯವಲ್ಲ, ಅರಿವನ್ನು ದಾಟಿಸದ ವ್ಯವಸ್ಥೆಯ ದೋಷ.

ಮಂಗನ ಕಾಯಿಲೆಯ ಚರಿತ್ರೆ ಇದಕ್ಕೆ ಸ್ಪಷ್ಟವಾದ ನಿದರ್ಶನ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ಜ್ವರವು ಉಣ್ಣೆಗಳಿಂದ ಹರಡುವುದು. ಚಿಕ್ಕಮಗಳೂರು ಜಿಲ್ಲೆಯ ಈ ಮಲೆನಾಡು ಭಾಗಕ್ಕೂ ಅದು ವ್ಯಾಪಿಸಿ, 2024ರಲ್ಲಿಯೂ ಇಲ್ಲಿ ಕಾಣಿಸಿಕೊಂಡಿತು. ಜ್ವರವಿಳಿದು ರೋಗಿಯು ಚೇತರಿಸಿಕೊಂಡಂತೆ ತೋರಿದ ಮೇಲೆ, ನೂರಕ್ಕೆ 10ರಿಂದ 20 ಮಂದಿಯಲ್ಲಿ ಮೂರನೆಯ ವಾರದ ಮೊದಲಿಗೆ ಅದು ಮರುಕಳಿಸಿ, ತೀವ್ರವಾದ ತಲೆನೋವು, ನಡುಕ, ದೃಷ್ಟಿದೋಷಗಳನ್ನು ತರುತ್ತದೆ. ಎಂದರೆ, ರೋಗದ ಎರಡನೆಯ ಅಂಕವು ನಡೆಯುವಾಗ ರೋಗಿಯು ಮನೆಯಲ್ಲಿರುವ ಸಂಭವವುಂಟು. ಆ ವಾರದಲ್ಲಿ ಬಾಗಿಲಿಗೆ ಬಂದು ವಿಚಾರಿಸುವವರಿದ್ದರೆ ಮಾತ್ರ ಅದು ಸಕಾಲದಲ್ಲಿ ಗೊತ್ತಾಗುವುದು.

ಹೀಗೆ ವಿಚಾರಿಸುವ ಪದ್ಧತಿ ನಾಡಿಗೆ ಅಪರಿಚಿತವೇನಲ್ಲ. ಹೆತ್ತವಳಿಗೆ ಕೋಣೆ, ಬಿಸಿನೀರು, ಪಥ್ಯ, ಅನುಭವಸ್ಥೆಯಾದ ಹೆಂಗಸಿನ ಸಹಾಯ, ಇಂತಿಷ್ಟು ದಿನವೆಂಬ ಅವಧಿ, ಎಲ್ಲವನ್ನೂ ಬಾಣಂತನವು ಮುಂಚಿತವಾಗಿಯೇ ಗೊತ್ತುಪಡಿಸಿದೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಹೆರಿಗೆಯಾದವಳನ್ನೂ ಕೂಸನ್ನೂ ಆಸ್ಪತ್ರೆಯಿಂದ ಮನೆಗೆ ಉಚಿತವಾಗಿ ತಲಪಿಸುವುದನ್ನು ಹಕ್ಕಾಗಿಸಿತು. ಕರ್ನಾಟಕದಲ್ಲಿ ಆ ವಾಹನಕ್ಕೆ ‘ನಗು-ಮಗು’ ಎಂಬ ಚೆಲುವಾದ ಹೆಸರೂ ಬಂದಿತು. ಹಿಂದಿರುಗುವ ದಾರಿಯೂ ಚಿಕಿತ್ಸೆಯ ಭಾಗವೆಂದು ಸರಕಾರವು ಇಲ್ಲಿ ಒಪ್ಪಿದಂತಾಯಿತು. ನೆರೆಯ ತೀರ್ಥಹಳ್ಳಿ ತಾಲೂಕಿನಲ್ಲಿ ಈ ಶತಮಾನದ ಮೊದಲ ದಶಕದಿಂದ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಸ್ಥಳೀಯರ ನೆರವಿನಿಂದ ತೀವ್ರ ಮನೋರೋಗಿಗಳನ್ನು ಅವರ ಊರಿನಲ್ಲಿಯೇ ವರ್ಷಗಟ್ಟಲೆ ಅನುಸರಿಸಿ ಚಿಕಿತ್ಸೆ ನಡೆಸಿರುವುದೂ ಇದೇ ತತ್ತ್ವಕ್ಕೆ ಆಧಾರ.

ಬಾಣಂತಿಗೆ ಸಂದ ಮರ್ಯಾದೆ ವೃದ್ಧನಿಗೂ ಅಂಗವಿಕಲನಿಗೂ ಸಲ್ಲಬಾರದೇಕೆ? ಬೇಕಾದವರು ಇಲ್ಲದೆ ಇಲ್ಲ. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಅಂಗವಿಕಲರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ರೋಗಿಯು ಹೊರಡುವ ಮುನ್ನ ಅವರಿಗೆ ಸುದ್ದಿ ಮುಟ್ಟುವುದು, ಔಷಧಗಳ ಪಟ್ಟಿ ಕನ್ನಡದಲ್ಲಿರುವುದು, ಎತ್ತುವ ಕೂರಿಸುವ ಕ್ರಮವನ್ನು ಮನೆಯವರು ಆಸ್ಪತ್ರೆಯಲ್ಲಿಯೇ ಕೈಯಾರ ಕಲಿಯುವುದು, ಮೊದಲ ವಾರದಲ್ಲಿಯೇ ಒಬ್ಬರು ಮನೆಗೆ ಬಂದು ಹೊಸ್ತಿಲನ್ನೂ ಬಚ್ಚಲನ್ನೂ ನೋಡುವುದು, ಇಷ್ಟರಿಂದಲೇ ಬಹಳ ಮಟ್ಟಿಗೆ ದಾರಿ ಕೂಡುತ್ತದೆ.

ಕೋಡಿಮಠದ ಶಾಸನವು ಎಂಟು ಶತಮಾನಗಳಿಗೂ ಹಿಂದೆ ಕುಂಟನನ್ನೂ ಕುರುಡನನ್ನೂ ಮರೆಯದೆ ಎಣಿಸಿತು. ಎಣಿಸಿದವರನ್ನು ಮನೆಯವರೆಗೆ ಅನುಸರಿಸುವ ಕೆಲಸ ಉಳಿದಿದೆ. ಅರಸುವುದೂ ಸಲಹುವುದೂ ಒಂದೇ ಧಾತುವೆಂದು ಬಗೆದ ನುಡಿಗೆ ಆ ಕೆಲಸದ ಅರ್ಥ ಹೊಸದಲ್ಲ.