ಸೂಕ್ಷ್ಮ ವಿದ್ಯುತ್ ಪ್ರವಾಹದ ಮಾಪನ: ಗ್ಯಾಲ್ವನೋಮೀಟರಿನಿಂದ ಮಲ್ಟಿಮೀಟರಿನವರೆಗೆ

ವಿದ್ಯುತ್ ಪ್ರವಾಹವನ್ನು ಅಳೆಯಲು ಮಾಪಕವನ್ನು ಅದರ ದಾರಿಯಲ್ಲೇ ಜೋಡಿಸಬೇಕಾಗುವುದರಿಂದ, ಮಾಪಕದ ರೋಧವೂ ಮಂಡಲದ ಭಾಗವಾಗಿ, ಅಳೆಯಬೇಕಾದ ಪ್ರವಾಹವನ್ನೇ ಒಂದಿಷ್ಟು ತಗ್ಗಿಸುತ್ತದೆ. ಆಂಪಿಯರಿನ ಹತ್ತು ಲಕ್ಷದಲ್ಲೊಂದು ಭಾಗವಾದ ಮೈಕ್ರೋಆಂಪಿಯರ್, ಅದರ ಸಾವಿರದಲ್ಲೊಂದು ಭಾಗವಾದ ನ್ಯಾನೋಆಂಪಿಯರ್‌ಗಳ ಮಟ್ಟದಲ್ಲಿ ಈ ತೊಡಕು ಹೆಚ್ಚುತ್ತದೆ. ಈ ಕ್ಷೇತ್ರದ ಎರಡು ಶತಮಾನಗಳ ಬೆಳವಣಿಗೆಯೆಂದರೆ ಬಹುಮಟ್ಟಿಗೆ ಈ ಹೊರೆಯನ್ನು ಇಳಿಸುವ ಪ್ರಯತ್ನವೇ ಆಗಿದೆ.

1820ರಲ್ಲಿ ಅರ್ಸ್ಟೆಡ್ ಪ್ರವಾಹವು ದಿಕ್ಸೂಚಿಯ ಮುಳ್ಳನ್ನು ತಿರುಗಿಸುವುದನ್ನು ತೋರಿಸಿದ ವರ್ಷವೇ, ಶ್ವೈಗರ್ ತಂತಿಯನ್ನು ಹಲವು ಸುತ್ತು ಸುತ್ತಿ ಆ ಪರಿಣಾಮವನ್ನು ವರ್ಧಿಸಿದನು. ಅಟ್ಲಾಂಟಿಕ್ ಸಾಗರದಡಿಯ ಟೆಲಿಗ್ರಾಫ್ ಕೇಬಲಿನ ಕ್ಷೀಣ ಸಂಕೇತಗಳನ್ನು ಗ್ರಹಿಸಲು ವಿಲಿಯಂ ಥಾಮ್ಸನ್ 1858ರಲ್ಲಿ ಕನ್ನಡಿಯ ಗ್ಯಾಲ್ವನೋಮೀಟರನ್ನು ಬಳಕೆಗೆ ತಂದನು. 1882ರಲ್ಲಿ ದಾರ್ಸೊನ್ವಾಲ್ ಅಯಸ್ಕಾಂತವನ್ನು ಸ್ಥಿರವಾಗಿರಿಸಿ ಸುರುಳಿಯೇ ತಿರುಗುವಂತೆ ಮಾಡಿದ ವಿನ್ಯಾಸವು, 1923ರಲ್ಲಿ ಬ್ರಿಟಿಷ್ ಅಂಚೆ ಇಲಾಖೆಯ ಡೊನಾಲ್ಡ್ ಮೆಕಾಡಿ ರೂಪಿಸಿದ ಆವೋಮೀಟರಿನಂಥ ಬಹುಬಳಕೆಯ ಮಾಪಕಗಳಿಗೆ ಆಧಾರವಾಯಿತು. ವೋಲ್ಟಿಗೆ 20,000 ಓಮ್ ಸಂವೇದನೆಯ ಮುಳ್ಳಿನ ಮಾಪಕಗಳಲ್ಲಿ ಪೂರ್ಣ ವಿಚಲನೆಗೆ 50 ಮೈಕ್ರೋಆಂಪಿಯರ್ ಬೇಕಿತ್ತು. ಮುಳ್ಳನ್ನು ತಿರುಗಿಸುವ ಶಕ್ತಿಯನ್ನು ಮಂಡಲವೇ ತೆರಬೇಕಾಗಿದ್ದುದು ಇಂಥ ಮಾಪಕಗಳ ಮಿತಿಯಾಗಿತ್ತು.

ನಿರ್ವಾತ ನಳಿಕೆಗಳೂ ಅನಂತರದ ಟ್ರಾನ್ಸಿಸ್ಟರ್ ವರ್ಧಕಗಳೂ ಈ ಮಿತಿಯನ್ನು ದಾಟಿದವು. ಇಂದಿನ ಡಿಜಿಟಲ್ ಮಲ್ಟಿಮೀಟರು ಪ್ರವಾಹವನ್ನು ನೇರವಾಗಿ ಅಳೆಯದೆ, ಷಂಟ್ ಎಂಬ ತಿಳಿದ ರೋಧದ ಮೂಲಕ ಅದನ್ನು ಹರಿಸಿ, ಅಲ್ಲಿ ಉಂಟಾಗುವ ವೋಲ್ಟೇಜನ್ನು ಅಳೆಯುತ್ತದೆ. ಸಾಮಾನ್ಯ ಮಲ್ಟಿಮೀಟರಿನ 200 ಮೈಕ್ರೋಆಂಪಿಯರ್ ವ್ಯಾಪ್ತಿಯಲ್ಲಿ 1,000 ಓಮ್ ಷಂಟ್ ಇದ್ದರೆ, ಪೂರ್ಣ ಅಳತೆಯಲ್ಲಿ 0.2 ವೋಲ್ಟ್ ಮಾಪಕದಲ್ಲೇ ಕಳೆದುಹೋಗುತ್ತದೆ. ನಿದ್ರಾಸ್ಥಿತಿಯಲ್ಲಿ 1 ಮೈಕ್ರೋಆಂಪಿಯರ್ ಬಳಸುವ ಮೈಕ್ರೋಕಂಟ್ರೋಲರಿಗೆ ಇದರಿಂದ ಬಾಧೆಯಿಲ್ಲವಾದರೂ, ಅದು ಎಚ್ಚತ್ತು ಹಲವು ಮಿಲಿಆಂಪಿಯರ್ ಕೇಳಿದ ಕ್ಷಣವೇ ವೋಲ್ಟೇಜು ಕುಸಿದು ಅದು ಸ್ಥಗಿತಗೊಳ್ಳುತ್ತದೆ.

ಇನ್ನೂ ಸೂಕ್ಷ್ಮ ಪ್ರವಾಹಗಳಿಗೆ ಅದೇ ಉಪಕರಣದ ವೋಲ್ಟೇಜು ವ್ಯಾಪ್ತಿ ನೆರವಾಗುತ್ತದೆ. 200 ಮಿಲಿವೋಲ್ಟ್ ವ್ಯಾಪ್ತಿಯಲ್ಲಿ ಮಾಪಕದ ಒಳರೋಧ 10 ಮೆಗಾಓಮ್ ಇದ್ದರೆ, ಅದನ್ನೇ ಷಂಟಾಗಿ ಬಳಸಿ 20 ನ್ಯಾನೋಆಂಪಿಯರ್‌ವರೆಗೆ ಅಳೆಯಬಹುದು; ಕೊನೆಯ ಅಂಕಿಯಾದ 0.1 ಮಿಲಿವೋಲ್ಟ್ ಆಗ ನ್ಯಾನೋಆಂಪಿಯರಿನ ನೂರರಲ್ಲೊಂದು ಭಾಗವಾದ 10 ಪಿಕೋಆಂಪಿಯರನ್ನು ಸೂಚಿಸುತ್ತದೆ. ಡಯೋಡು, ಕೆಪಾಸಿಟರುಗಳ ಸೋರಿಕೆಯನ್ನು ಅಂದಾಜಿಸಲು ಇದು ಸಾಕಾದರೂ, ಒಳರೋಧದ ನಿಖರತೆ ಮತ್ತು ಮಾಪಕದ ಸ್ವಂತ ಸೋರಿಕೆ ಪ್ರವಾಹಗಳನ್ನು ಮೊದಲು ಪರಿಶೀಲಿಸಬೇಕು.

ಇದಕ್ಕೂ ಕೆಳಗಿನ ಮಟ್ಟದಲ್ಲಿ, ವರ್ಧಕದ ಮರುಪೂರಣದ ಮೂಲಕ ಒಳಹರಿವಿನ ವೋಲ್ಟೇಜನ್ನು ಸೊನ್ನೆಯ ಸಮೀಪದಲ್ಲೇ ಹಿಡಿದಿಡುವ ಪಿಕೋಆಂಪಿಯರ್ ಮಾಪಕಗಳು ಬೇಕಾಗುತ್ತವೆ. ಅಲ್ಲಿ ಅವಾಹಕದ ಮೇಲಿನ ಬೆರಳಿನ ಜಿಡ್ಡು, ತೇವ, ಅಲುಗಿದ ಕೇಬಲಿನೊಳಗಿನ ಘರ್ಷಣೆ ಇವೆಲ್ಲವೂ ಸುಳ್ಳು ಪ್ರವಾಹವನ್ನು ಹುಟ್ಟಿಸುತ್ತವೆ. 2019ರಲ್ಲಿ ಆಂಪಿಯರನ್ನು ಎಲೆಕ್ಟ್ರಾನಿನ ವಿದ್ಯುದಂಶಕ್ಕೆ ಸಮನಾದ ಮೂಲ ವಿದ್ಯುದಂಶದ ನಿಶ್ಚಿತ ಮೌಲ್ಯದ ಮೇಲೆ ಮರುವ್ಯಾಖ್ಯಾನಿಸಿದ್ದರಿಂದ, 1 ಪಿಕೋಆಂಪಿಯರೆಂದರೆ ಸೆಕೆಂಡಿಗೆ ಸುಮಾರು 62 ಲಕ್ಷ ಎಲೆಕ್ಟ್ರಾನುಗಳೆಂದು ಇಂದು ಎಣಿಸಿ ಹೇಳಬಹುದು. ಉಪಕರಣ ಯಾವುದೇ ಇರಲಿ, ಪರದೆಯ ಅಂಕಿ ಮಂಡಲ ಮತ್ತು ಮಾಪಕಗಳೆರಡರ ಒಟ್ಟು ವರ್ತನೆಯನ್ನು ಹೇಳುತ್ತದೆಯಾದ್ದರಿಂದ, ಮಾಪಕದ ರೋಧವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಸೂಕ್ಷ್ಮ ಅಳತೆಯನ್ನು ಅಳತೆಯೆಂದು ಒಪ್ಪಲಾಗದು.